ಯಮುನಕ್ಕನಿಗಷ್ಟೇ ಶ್ರಾದ್ಧ

ಬಾಂದ್ರಾದ ಕನ್ನಡ ಮನೆಗಳಲ್ಲೂ ಈಗ ಕೊರಿಯಾದ ಚಿತ್ರಗಳದೇ ಮಾತು. ಪಾರ್ಕ್ ಚಾನ್-ವೂಕ್ ಅವರ 'ದಿ ಹ್ಯಾಂಡ್‌ಮೇಡನ್' (2016) ಇಬ್ಬರು ಸ್ತ್ರೀಯರ ಪ್ರಣಯವನ್ನು ಅಳುಕಿಲ್ಲದೆ ತೋರಿಸಿತೆಂದು ನಮ್ಮ ತರುಣರು ಮೆಚ್ಚುತ್ತಾರೆ. ಹೆಣ್ಣಿನ ಬಯಕೆಯ ಬಗ್ಗೆ ಕನ್ನಡ ಚಿತ್ರಗಳಿಗೆ ಬಾಯಿಯೇ ಇಲ್ಲವೆಂದೂ ತೀರ್ಮಾನಿಸುತ್ತಾರೆ. ಮೆಚ್ಚುಗೆಯನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ.

ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ 'ಘಟಶ್ರಾದ್ಧ' ಸ್ವರ್ಣಕಮಲ ಪಡೆದ ಚಿತ್ರ. ಗರ್ಭಿಣಿಯಾದ ವಿಧವೆ ಯಮುನಕ್ಕನಿಗೆ, ಬದುಕಿರುವಾಗಲೇ, ಹೆತ್ತ ತಂದೆ ಶ್ರಾದ್ಧ ಮಾಡುತ್ತಾನೆ. ಅವಳ ತಲೆ ಬೋಳಾಗುತ್ತದೆ. ಗರ್ಭಕ್ಕೆ ಕಾರಣನಾದ ಶಾಲಾಮಾಸ್ತರನಿಗೆ ಯಾವ ಶ್ರಾದ್ಧವೂ ಇಲ್ಲ! ಆ ಮುದಿ ತಂದೆಯೋ ಎಳೆಯ ಹುಡುಗಿಯೊಬ್ಬಳ ಕೈಹಿಡಿಯಲು ಸಿದ್ಧನಾಗುತ್ತಾನೆ. ಕಾಮದ ರಾಜಕೀಯವನ್ನು ಇದಕ್ಕಿಂತ ಬಿಚ್ಚಿ ಹೇಳುವುದು ಹೇಗೆ? ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಎಲ್ಲವನ್ನೂ ನಾವು ಬಾಲಕ ನಾಣಿಯ ಕಣ್ಣಿನಿಂದ ಕಾಣುತ್ತೇವೆ. ಯಮುನಕ್ಕ ಏನನ್ನು ಬಯಸಿದ್ದಳೆಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು.

ಎಂ. ಕೆ. ಇಂದಿರಾ ಬರೆದ, ಪ್ರೇಮಾ ಕಾರಂತರು ತೆರೆಗೆ ತಂದ 'ಫಣಿಯಮ್ಮ'ದಲ್ಲಿ (1983) ತರುಣ ವಿಧವೆ ದಾಕ್ಷಾಯಿಣಿ ತಲೆ ಕೊಡಲು ಒಪ್ಪುವುದಿಲ್ಲ. ಅವಳ ಪರ ನಿಲ್ಲುವವಳು, ಬಾಲ್ಯದಲ್ಲೇ ವಿಧವೆಯಾಗಿ ಎಲ್ಲವನ್ನೂ ಸಹಿಸಿದ ಮುದುಕಿ ಫಣಿಯಮ್ಮ. ಬರೆದವರೂ ನಿರ್ದೇಶಿಸಿದವರೂ ಸ್ತ್ರೀಯರೆಂಬುದನ್ನು ಮರೆಯಬಾರದು.

'ಘಟಶ್ರಾದ್ಧ'ದ ಜೀರ್ಣೋದ್ಧಾರದಲ್ಲಿ ನಮ್ಮ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪಾಲ್ಗೊಂಡಿತು. 2024ರಲ್ಲಿ ವೆನಿಸ್ ಅದನ್ನು ಕಂಡಿತು. ಹೊರನಾಡ ಸಂಘಗಳಿಗೆ ಮಾತ್ರ 'ಸಾಂಸಾರಿಕ' ಚಿತ್ರಗಳೇ ಬೇಕಂತೆ. ಇವುಗಳಿಗಿಂತ ಸಾಂಸಾರಿಕ ಚಿತ್ರಗಳು ಯಾವುವೋ! ಈ ಎರಡನ್ನೂ ಒಂದೇ ಭಾನುವಾರ ತೋರಿಸಿ, ತರುಣರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ನಮ್ಮ ಪದಾಧಿಕಾರಿಗಳಲ್ಲಿ ಕೋರುತ್ತೇನೆ.