ನಿಂತ ಎಂಜಿನ್ನಿಗೆ ಬಣ್ಣ ಬಳಿದರೆ ಸಾಕೇ?



ಬೇಸಿಗೆಯ ರಜೆ ಬಂದೊಡನೆ ಸರಟೋಗಾ, ಕುಪರ್ಟಿನೊ, ಸ್ಯಾನ್ ಹೋಸೆಗಳ ನಮ್ಮ ಮನೆಗಳಿಂದ ಮಕ್ಕಳ ದಂಡು ಫೆಲ್ಟನ್ನಿನ ರೋರಿಂಗ್ ಕ್ಯಾಂಪಿಗೆ ಹೊರಡುತ್ತದೆ. ಡಿಸೆಂಬರ್ ಸಮೀಪಿಸಿತೆಂದರೆ ನೈಲ್ಸ್ ಕಣಿವೆಯ ದೀಪಾಲಂಕೃತ ರೈಲಿನ ಟಿಕೆಟ್ಟುಗಳಿಗಾಗಿ ಹುಡುಕಾಟ ಮೊದಲಾಗುತ್ತದೆ. ಊರಿನಿಂದ ಬಂದ ಅಜ್ಜ ಅಜ್ಜಿಯರನ್ನು ಸ್ಯಾಕ್ರಮೆಂಟೊದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯದಿದ್ದರೆ ಅವರ ಅಮೆರಿಕ ಪ್ರವಾಸವೇ ಪೂರ್ಣವಾಗದು ಎಂಬಷ್ಟು ರೂಢಿ ಬೆಳೆದಿದೆ. ಹೊಗೆ ಕಂಡು ಮಕ್ಕಳು ಕುಣಿಯುತ್ತಾರೆ. ಸಿಳ್ಳೆ ಕೇಳಿ ಹಿರಿಯರ ಕಣ್ಣು ತೇವವಾಗುತ್ತದೆ. ಅರಸೀಕೆರೆ, ಬೀರೂರು, ಹುಬ್ಬಳ್ಳಿಗಳ ಹೆಸರು ತಾವಾಗಿಯೇ ಬಾಯಿಗೆ ಬರುತ್ತವೆ.

ಈ ಅಕ್ಕರೆಯನ್ನು ನಾವು ಹಳಿಯುವುದಿಲ್ಲ. ಆದರೆ ಅದನ್ನು ಒಂದು ಪ್ರಶ್ನೆಯ ಎದುರು ನಿಲ್ಲಿಸಬಯಸುತ್ತೇವೆ. ಟಿಕೆಟ್ಟು ಕೊಂಡು ಒಂದು ಮಧ್ಯಾಹ್ನ ಅನುಭವಿಸಿ ಮರೆಯುವ ಅಕ್ಕರೆಯೂ, ಕೈಗೆ ಮಸಿ ಹತ್ತಿಸಿಕೊಂಡು ಹಳೆಯದನ್ನು ಉಳಿಸುವ ಅಕ್ಕರೆಯೂ ಒಂದೇ ಆದೀತೇ? ಆಗದು ಎಂಬುದೇ ನಮ್ಮ ವಾದ. ಪರರು ಉಳಿಸಿದ ಉಗಿಬಂಡಿಯಲ್ಲಿ ಕುಳಿತು, ನಮ್ಮ ಊರಿನ ಉಗಿಬಂಡಿ ಹೋಯಿತಲ್ಲ ಎಂದು ನಿಟ್ಟುಸಿರು ಬಿಡುವುದು ಸ್ಮರಣೆಯಲ್ಲ, ಸೋಮಾರಿತನ.

ಮೊದಲು, ನಾವು ಇಲ್ಲಿ ಏರುವ ಬಂಡಿಗಳು ಯಾರ ದಯೆಯಿಂದ ಓಡುತ್ತಿವೆ ಎಂಬುದನ್ನು ನೋಡೋಣ. ಸರಟೋಗಾದ ಮಗ್ಗುಲಲ್ಲೇ ಇರುವ ಲಾಸ್ ಗಾಟೋಸ್ ಉದ್ಯಾನದಲ್ಲಿ ಹದಿನೆಂಟು ಅಂಗುಲ ಅಗಲದ ಹಳಿಯ ಮೇಲೆ ಒಂದು ಪುಟ್ಟ ರೈಲು ಸುತ್ತುತ್ತದೆ. ಅದರ ಉಗಿಯಂತ್ರ 1905ರಲ್ಲಿ ಲಾಸ್ ಏಂಜಲಿಸ್‌ನಲ್ಲಿ, ವೆನಿಸ್ ಕಡಲತೀರದ ಮಕ್ಕಳ ರೈಲಿಗಾಗಿ ತಯಾರಾದದ್ದು. ಗುಜರಿ ಸೇರಿದ್ದ ಅದನ್ನು 1939ರಲ್ಲಿ ಕೊಂಡು ತಂದವರು ಸದರ್ನ್ ಪೆಸಿಫಿಕ್ ರೈಲ್ವೆಯ ಎಂಜಿನ್ ಚಾಲಕ ಬಿಲ್ಲಿ ಜೋನ್ಸ್. ತಮ್ಮ ತೋಟದಲ್ಲಿಯೇ ಹಳಿ ಹಾಕಿ, ಭಾನುವಾರಗಳಂದು ಊರಿನ ಮಕ್ಕಳನ್ನು ಕಾಸು ಕೇಳದೆ ಕೂರಿಸಿ ಓಡಿಸಿದರು. 1968ರಲ್ಲಿ ಅವರು ತೀರಿಕೊಂಡಾಗ ಬಂಡಿ ಬೇರೆ ಊರಿನ ಪಾಲಾಗದಂತೆ ನೋಡಿಕೊಂಡವರು ಅಲ್ಲಿನ ನಾಗರಿಕರು. 1970ರಲ್ಲಿ ಅದು ಉದ್ಯಾನದಲ್ಲಿ ಮತ್ತೆ ಓಡಿತು. ಒಬ್ಬ ಚಾಲಕನ ಹಟ, ಒಂದು ಊರಿನ ಕೃತಜ್ಞತೆ: ಅದರ ಬಂಡವಾಳ ಇಷ್ಟೇ.

ನೈಲ್ಸ್ ಕಣಿವೆಯ ಕಥೆ ಇನ್ನೂ ಪಾಠ ಕಲಿಸುವಂಥದು. 1869ರಲ್ಲಿ ಖಂಡದ ಎರಡು ಅಂಚುಗಳನ್ನು ಜೋಡಿಸಿದ ರೈಲುಮಾರ್ಗ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನು ಮುಟ್ಟಿದ್ದು ಈ ಕಣಿವೆಯ ಮೂಲಕ. 1980ರ ದಶಕದಲ್ಲಿ ರೈಲ್ವೆ ಕಂಪನಿ ಆ ಮಾರ್ಗವನ್ನು ಕೈಬಿಟ್ಟು ಹಳಿಗಳನ್ನು ಕಿತ್ತುಹಾಕಿತು. ನೆಲ ಅಲಮೀಡ ಕೌಂಟಿಯ ವಶವಾಯಿತು. 1961ರಲ್ಲಿ ಹುಟ್ಟಿದ್ದ ಪೆಸಿಫಿಕ್ ಲೋಕೋಮೋಟಿವ್ ಅಸೋಸಿಯೇಷನ್ ಎಂಬ ಹವ್ಯಾಸಿಗಳ ಸಂಘದವರು ಕಿತ್ತುಹೋದ ಜಾಗದಲ್ಲಿ ಮತ್ತೆ ಅಡಿಮರ ಹಾಸಿದರು, ಮತ್ತೆ ಹಳಿ ಜೋಡಿಸಿದರು; 1988ರಲ್ಲಿ ಸುನೋಲಿನಿಂದ ಬಂಡಿ ಓಡಿಸಿದರು. ವಾರವಿಡೀ ಬೇರೆ ಬೇರೆ ಕಸುಬು ಮಾಡಿ, ವಾರಾಂತ್ಯದಲ್ಲಿ ಸುತ್ತಿಗೆ ಹಿಡಿದ ಜನ ಅವರು. ನಮ್ಮ ಕೂಟವೂ ಸ್ವಯಂಸೇವಕರಿಂದಲೇ ನಡೆಯುವುದರಿಂದ ಆ ಶ್ರಮದ ಬೆಲೆ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉಗಿಯಂತ್ರವನ್ನು ಜೀವಂತವಾಗಿಡುವುದು ಹಬ್ಬದ ದಿನ ತೊಳೆದು ಹೂವು ಮುಡಿಸುವಷ್ಟು ಸುಲಭವಲ್ಲ. ತಣ್ಣಗಿರುವ ಎಂಜಿನ್ನಿಗೆ ಬೆಂಕಿ ಹಾಕಿ ಅವಸರವಿಲ್ಲದೆ ಕಾಯಿಸಿ ಉಗಿ ಎಬ್ಬಿಸಲು ಹಲವು ಗಂಟೆ ಬೇಕು. ಬಾಯ್ಲರಿನಲ್ಲಿ ನೀರಿನ ಮಟ್ಟ ತಗ್ಗಿದರೆ ಪ್ರಾಣಕ್ಕೇ ಅಪಾಯ. ಅಮೆರಿಕದ ನಿಯಮದ ಪ್ರಕಾರ 1,472 ದಿನಗಳ ಸೇವೆ ಅಥವಾ 15 ವರ್ಷ, ಇವುಗಳಲ್ಲಿ ಯಾವುದು ಮೊದಲು ಮುಗಿದರೂ ಬಾಯ್ಲರನ್ನು ಪೂರ್ತಿಯಾಗಿ ಬಿಚ್ಚಿ ಪರೀಕ್ಷಿಸಬೇಕು. ಆದುದರಿಂದ ಪ್ರತಿ ತಲೆಮಾರಿನಲ್ಲಿಯೂ ಆ ವಿದ್ಯೆ ಬಲ್ಲ ಕೆಲವರು ಇರಲೇಬೇಕು. ಒಂದು ತಲೆಮಾರು ತಪ್ಪಿದರೆ ಯಂತ್ರ ಉಳಿದೀತು, ವಿದ್ಯೆ ಉಳಿಯದು. ಯೂನಿಯನ್ ಪೆಸಿಫಿಕ್ ಕಂಪನಿ 1941ರ ಬಿಗ್ ಬಾಯ್ ಎಂಬ ದೈತ್ಯ ಎಂಜಿನ್ನನ್ನು ವಸ್ತುಸಂಗ್ರಹಾಲಯದಿಂದ ಹಿಂದಕ್ಕೆ ತಂದು 2019ರಲ್ಲಿ ಓಡಿಸಿತು. 2024ರ ಜುಲೈಯಲ್ಲಿ ಅದು ರೋಸ್‌ವಿಲ್ಲಿಗೆ ಬಂದಾಗ ಜನಸಾಗರ ಸೇರಿತು. ಅಷ್ಟು ಜನರನ್ನು ಎಳೆದದ್ದು ಕೇವಲ ಕಬ್ಬಿಣವಲ್ಲ. ಅದನ್ನು ಉಸಿರಾಡಿಸಬಲ್ಲ ಕೈಗಳು ಇನ್ನೂ ಇವೆಯೆಂಬ ಬೆರಗು.

ಈಗ ನಮ್ಮ ನಾಡಿಗೆ ಬರೋಣ. 1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ ರೈಲು ಬಂದಿತು. 1882ರ ವೇಳೆಗೆ ಮೀಟರ್ ಗೇಜ್ ಹಳಿ ಬೆಂಗಳೂರಿನಿಂದ ಮೈಸೂರನ್ನು ತಲುಪಿತು. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಎರಡೂವರೆ ಅಡಿ ಅಗಲದ ಹಳಿ. ತರೀಕೆರೆಯಿಂದ ನರಸಿಂಹರಾಜಪುರದ ಕಾಡಿನ ಕಡೆಗೆ ಎರಡೇ ಅಡಿ ಅಗಲದ ಹಳಿ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮಲೆನಾಡಿನ ನಡುವೆ ತೂಗಾಡುತ್ತ ಹೋಗುತ್ತಿದ್ದ ಮೀಟರ್ ಗೇಜ್ ಬಂಡಿ. ಇಷ್ಟು ಬಗೆಯ ಹಳಿಗಳ ಸಂಪತ್ತಿದ್ದ ನಾಡು ನಮ್ಮದು.

1992ರಿಂದ ಭಾರತೀಯ ರೈಲ್ವೆ ಎಲ್ಲ ಹಳಿಗಳನ್ನೂ ಒಂದೇ ಅಗಲಕ್ಕೆ ತರುವ ಯೋಜನೆಯನ್ನು ಕೈಗೊಂಡಿತು. ಅದನ್ನು ನಾವು ವಿರೋಧಿಸುವುದಿಲ್ಲ. ಗೇಜ್ ಬದಲಾಗುವೆಡೆಯಲ್ಲಿ ಮೂಟೆ ಹೊತ್ತು ಬಂಡಿ ಬದಲಿಸಿದ ಹಿರಿಯರಿಗೆ ಆ ಬದಲಾವಣೆಯ ಉಪಕಾರ ಚೆನ್ನಾಗಿ ಗೊತ್ತು. ಆದರೆ ಬದಲಾವಣೆಯ ಭರದಲ್ಲಿ ಹತ್ತು ಮೈಲಿಯ ಒಂದು ತುಂಡನ್ನಾದರೂ ಹಾಗೆಯೇ ಬಿಡಿ ಎಂದು ಗಟ್ಟಿಯಾಗಿ ಕೇಳಿದ ಕನ್ನಡದ ದನಿಗಳು ಎಷ್ಟಿದ್ದವು? ಮಧ್ಯಪ್ರದೇಶದ ಪಾತಾಳಪಾನಿ ಮತ್ತು ಕಾಲಾಕುಂಡಗಳ ನಡುವಣ ಮೀಟರ್ ಗೇಜ್ ತುಂಡಿನಲ್ಲಿ 2018ರಿಂದ ಪರಂಪರೆಯ ರೈಲು ಓಡುತ್ತಿದೆ. ನಮ್ಮ ನೆರೆಯ ನೀಲಗಿರಿಯಲ್ಲಿ, ಬಡಗರ ಬೆಟ್ಟದಲ್ಲಿ, ಮೇಟುಪಾಳಯದಿಂದ ಕೂನೂರಿಗೆ ಹಲ್ಲುಹಳಿಯ ಮೇಲೆ ಉಗಿಯಂತ್ರ ಇಂದಿಗೂ ಏರುತ್ತಿದೆ; 2005ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕಾಗಿ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಈ ಶತಮಾನದಲ್ಲಿ ಹೊಸ ಉಗಿಯಂತ್ರಗಳನ್ನೇ ಕಟ್ಟಿದೆ. ಅಂದರೆ ಭಾರತದಲ್ಲಿ ಆ ವಿದ್ಯೆ ಸತ್ತಿಲ್ಲ. ನಮ್ಮಲ್ಲಿಯೋ, ಉಗಿಯಂತ್ರಗಳು ಕಟ್ಟೆಯ ಮೇಲೆ ನಿಂತು ಬಣ್ಣ ಬಳಿಸಿಕೊಳ್ಳುತ್ತಿವೆ.

ಆದದ್ದನ್ನು ಅಲ್ಲಗಳೆಯುವ ಕೃತಘ್ನತೆ ನಮಗೆ ಬೇಡ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಇದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ಮತ್ತೊಂದು ತೆರೆಯಿತು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಅದೇ ವರ್ಷ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಹಾದಿಯ ನಂದಿ ಹಾಲ್ಟ್ ನಿಲ್ದಾಣವನ್ನು ಇಂಟ್ಯಾಕ್ ಸಂಸ್ಥೆ ಜೀರ್ಣೋದ್ಧಾರ ಮಾಡಿತು. ಇವೆಲ್ಲ ಕೈಕಟ್ಟಿ ಕೂರದವರು ಮಾಡಿದ ಕೆಲಸಗಳು. ರಜೆಯಲ್ಲಿ ಊರಿಗೆ ಹೋದ ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿ ಮಾಲುಗಳ ನಡುವೆ ಬಿಡುವು ಮಾಡಿಕೊಂಡು ಅವನ್ನು ಮಕ್ಕಳಿಗೆ ತೋರಿಸುತ್ತಾರೆ?

ನಮ್ಮ ವಾದಕ್ಕೆ ಬರುವ ಆಕ್ಷೇಪಗಳನ್ನು ಬಲ್ಲೆವು. ಒಂದೊಂದಾಗಿ ಉತ್ತರಿಸುತ್ತೇವೆ.

‘ಕಲ್ಲಿದ್ದಲಿನ ಹೊಗೆ ಪರಿಸರಕ್ಕೆ ಕೇಡು’ ಎನ್ನುತ್ತಾರೆ ಕೆಲವರು. ನಿಜ, ದಿನನಿತ್ಯದ ಸಂಚಾರಕ್ಕೆ ಉಗಿಯಂತ್ರ ಮರಳಲಿ ಎಂದು ಬುದ್ಧಿಯುಳ್ಳ ಯಾರೂ ಹೇಳರು. ವರ್ಷದಲ್ಲಿ ಕೆಲವು ದಿನ ಓಡುವ ಒಂದು ಬಂಡಿಯ ಮಾತು ಇದು. ನೀಲಗಿರಿಯಲ್ಲಿ ತೈಲದಿಂದ ಉರಿಯುವ ಎಂಜಿನ್ನುಗಳೂ ಇವೆ. ಊರಿಗೆಂದು ವರ್ಷ ವರ್ಷ ಸಾಗರ ದಾಟಿ ಹಾರುವವರ ಬಾಯಲ್ಲಿ ಈ ಆಕ್ಷೇಪ ಅಷ್ಟು ಶೋಭಿಸುವುದೂ ಇಲ್ಲ.

‘ರೈಲು ಬ್ರಿಟಿಷರದು, ಅದರ ಮೇಲೇಕೆ ಮೋಹ?’ ಎಂಬುದು ಎರಡನೆಯ ಮಾತು. ಬಂಡವಾಳ ಯಾರದೇ ಇರಲಿ, ಕಲ್ಲು ಒಡೆದವರು, ಅಡಿಮರ ಹೊತ್ತವರು, ಬೆಂಕಿಯ ಮುಂದೆ ಬೆವರಿದವರು ನಮ್ಮವರು. ಇಲ್ಲಿಯೂ ಸಿಯೆರಾ ಪರ್ವತಗಳನ್ನು ಕೊರೆದವರು ಚೀನದಿಂದ ಬಂದ ಕೂಲಿಗಳು. ಅವರ ಹೆಸರುಗಳನ್ನು ಸಂಭ್ರಮದ ಭಾಷಣಗಳು ಬಹುಕಾಲ ಮರೆತಿದ್ದವು. ಆ ಮರೆವು ನಮ್ಮಲ್ಲಿಯೂ ಇದೆ. 1899ರ ಮಹಾರಾಣಿಯವರ ಸಲೂನ್ ಬಂಡಿಯನ್ನು ಮೈಸೂರಿನಲ್ಲಿ ಕಾಣಬಹುದು. ಆದರೆ ಸಲಿಕೆಯಿಂದ ಕಲ್ಲಿದ್ದಲು ಎಸೆದು ಎಸೆದು ಬೆನ್ನು ಬಾಗಿದ ಫೈರ್‌ಮನ್ನನ ಕಥೆ ಎಲ್ಲಿ ಕಾಣಬೇಕು? ಮಳೆಗಾಲದ ರಾತ್ರಿಯಲ್ಲಿ ಲಾಟೀನು ಹಿಡಿದು ಹಳಿಯುದ್ದಕ್ಕೂ ನಡೆದ ಗ್ಯಾಂಗ್‌ಮನ್ನನ ಕಥೆ ಎಲ್ಲಿ? ಉಗಿಬಂಡಿಯ ಸ್ಮರಣೆ ಬರಿಯ ಹೊಗೆ, ಸಿಳ್ಳೆ, ಕಿಟಕಿಯ ಗಾಳಿಯ ವರ್ಣನೆಯಾದರೆ ಅದು ಪ್ರಯಾಣಿಕನ ಸ್ಮರಣೆ ಮಾತ್ರ. ಕಣ್ಣಿಗೆ ಬಿದ್ದ ಕಿಡಿಯೂ, ಸುಟ್ಟ ಕೈಯೂ, ಹೊತ್ತಿಲ್ಲದ ಪಾಳಿಯೂ ಅದರಲ್ಲಿ ಇರಬೇಕು.

‘ಊರಲ್ಲಿ ಶಾಲೆ, ಆಸ್ಪತ್ರೆಗಳಿಗೇ ಹಣವಿಲ್ಲ’ ಎಂಬುದು ಮೂರನೆಯದು. ನಾವು ಮೊದಲು ಕೇಳುತ್ತಿರುವುದು ಹಣವನ್ನಲ್ಲ, ಗಮನವನ್ನು. ಅದಕ್ಕೆ ಬಡತನದ ನೆಪ ಸಲ್ಲದು.

‘ದೂರದಲ್ಲಿರುವ ನಮಗೇಕೆ ಈ ಉಸಾಬರಿ?’ ಎಂಬುದು ಕೊನೆಯದು. ಇದೇ ಅತ್ಯಂತ ದುರ್ಬಲ. ಭಾರತದಲ್ಲಿ ಬ್ರಾಡ್ ಗೇಜಿನ ನಿತ್ಯ ಸೇವೆಯಿಂದ ಉಗಿಯಂತ್ರ ನಿವೃತ್ತವಾದದ್ದು 1995ರ ಡಿಸೆಂಬರಿನಲ್ಲಿ. ಚಿತ್ತರಂಜನ್ ಕಾರ್ಖಾನೆ ಕೊನೆಯ ಬ್ರಾಡ್ ಗೇಜ್ ಉಗಿಯಂತ್ರ ‘ಅಂತಿಮ್ ಸಿತಾರಾ’ವನ್ನು ಹೊರತಂದದ್ದು 1970ರಲ್ಲಿ. ಆಗ ಇಪ್ಪತ್ತೈದರ ಪ್ರಾಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತು ಸಮೀಪಿಸಿದೆ ಅಥವಾ ದಾಟಿದೆ. ಅವರಲ್ಲಿ ಕೆಲವರು ವರ್ಷಕ್ಕೊಮ್ಮೆ ಆರು ತಿಂಗಳು ನಮ್ಮ ಮನೆಗಳಲ್ಲೇ ಇರುತ್ತಾರೆ. ಸಂಜೆ ಸರಟೋಗಾದ ಜೋಸ್ ಟ್ರೇಲ್‌ನಲ್ಲಿ ಹಳಿಯ ಪಕ್ಕದಲ್ಲೇ ನಡೆದಾಡುತ್ತಾರೆ. ಬಿದಿರಿನ ಬಳೆಯೊಳಗಿನ ಟೋಕನ್ನನ್ನು ಓಡುವ ಬಂಡಿಯಿಂದ ಹೇಗೆ ಹಿಡಿಯುತ್ತಿದ್ದರು, ಘಾಟಿಯಲ್ಲಿ ಹಳಿ ಜಾರಿದರೆ ಮರಳು ಹೇಗೆ ಬಿಡುತ್ತಿದ್ದರು, ಕೈಮರ ಬೀಳದೆ ನಿಂತ ರಾತ್ರಿಗಳಲ್ಲಿ ಏನು ಮಾಡುತ್ತಿದ್ದರು, ಇವನ್ನು ಬಲ್ಲವರು ಅವರೇ. ದೂರ ಎಂಬ ನೆಪ ಎಲ್ಲಿ ಉಳಿಯಿತು?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಕೂಟದ ಕಾರ್ಯಕ್ರಮಗಳ ಪಟ್ಟಿಯಲ್ಲಿ ವರ್ಷಕ್ಕೊಂದು ಮಧ್ಯಾಹ್ನವನ್ನು ರೈಲ್ವೆಯಲ್ಲಿ ದುಡಿದ ಹಿರಿಯರಿಗೆ ಮೀಸಲಿಡಿ. ಅವರ ಮಾತನ್ನು ಕನ್ನಡದಲ್ಲಿಯೇ ಧ್ವನಿಮುದ್ರಿಸಿರಿ. ಪ್ರಶ್ನೆ ಕೇಳುವ ಹೊಣೆಯನ್ನು ನಮ್ಮ ಕನ್ನಡ ಶಾಲೆಯ ಮಕ್ಕಳಿಗೇ ವಹಿಸಿರಿ. ಮನೆಯ ಟ್ರಂಕಿನಲ್ಲಿರುವ ಹಳೆಯ ಪಾಸು, ಕೆಲಸದ ಪುಸ್ತಕ, ವೇಳಾಪಟ್ಟಿ, ಗುಂಪುಚಿತ್ರಗಳನ್ನು ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕದಿರಿ. ಪ್ರತಿ ಮಾಡಿ, ಹೆಸರು ಊರು ಬರೆದಿಡಿ. ಇಲ್ಲಿನ ಉಗಿಬಂಡಿಗಳನ್ನು ಪ್ರೀತಿಸುವವರು ಟಿಕೆಟ್ಟಿಗೆ ನಿಲ್ಲದೆ ನೈಲ್ಸ್ ಕಣಿವೆಯ ಸ್ವಯಂಸೇವಕರ ಜೊತೆ ಒಂದು ಶನಿವಾರ ದುಡಿಯಿರಿ. ಉಳಿಸುವ ಕಲೆಯನ್ನು ಕಲಿತು ಬನ್ನಿ. ಊರಿಗೆ ಹೋದಾಗ ಮೈಸೂರು, ಹುಬ್ಬಳ್ಳಿ, ಅರಸಾಳುಗಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿನ ಅಭಿಪ್ರಾಯ ಪುಸ್ತಕದಲ್ಲಿ, ಈ ನಾಡಿನಲ್ಲಿ ಒಂದು ಉಗಿಯಂತ್ರವಾದರೂ ಮತ್ತೆ ಓಡಲಿ ಎಂದು ಬರೆಯಿರಿ. ನೂರು ಜನ ಬರೆದರೆ ಓದುವವರು ಓದಿಯೇ ತೀರುತ್ತಾರೆ.

ಇದು ಬರಿಯ ರೈಲಿನ ಮಾತಲ್ಲವೆಂದು ನಮ್ಮ ಓದುಗರು ಈಗಾಗಲೇ ಊಹಿಸಿರಬಹುದು. ಭಾಷೆಯೂ ಹಾಗೆಯೇ. ನವೆಂಬರಿನಲ್ಲಿ ಒಂದು ದಿನ ಬಣ್ಣ ಬಳಿದು, ದೀಪ ಹಚ್ಚಿ, ಚಿತ್ರ ತೆಗೆದರೆ ಅದು ಕಟ್ಟೆಯ ಮೇಲೆ ನಿಂತ ಎಂಜಿನ್ ಆಗುತ್ತದೆ. ನೋಡಲು ಚೆಂದ, ಎಲ್ಲಿಗೂ ಒಯ್ಯದು. ದಿನದಿನವೂ ಬೆಂಕಿ ಹಾಕುವವರು, ನೀರು ತುಂಬುವವರು, ತುಕ್ಕು ಕೆರೆಯುವವರು ಇದ್ದರೆ ಮಾತ್ರ ಅದು ಓಡೀತು. ಹಿರಿಯರ ಉಗಿಬಂಡಿಯ ನೆನಪನ್ನು ಮಕ್ಕಳು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಬರೆದಿಟ್ಟರೆ ಎರಡು ಕೆಲಸವೂ ಒಂದೇ ಏಟಿಗೆ ಆಗುತ್ತವೆ.

ಬರುವ ಬೇಸಿಗೆಯಲ್ಲಿ ಯಾರ ಮನೆಗೆ ರೈಲ್ವೆಯ ಹಿರಿಯರು ಬರುತ್ತಿದ್ದಾರೆ? ಕೂಟಕ್ಕೆ ತಿಳಿಸಿರಿ. ಕಾಲ ನಮಗಾಗಿ ಕಾಯದು. ಕೈಮರ ಆಗಲೇ ಬಿದ್ದಿದೆ.