ಉಜ್ಜಿ ಉಜ್ಜಿ ಕೊಂದಿರಲ್ಲ!

ಆರುನೂರು ವರ್ಷ ಬಾಳಿದ ಒಂದು ಕತ್ತಿಯನ್ನು ಹಾಳುಮಾಡಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ. ಒಂದು ತಂತಿ ಬ್ರಷ್ಷು, ಒಂದು ಡಬ್ಬಿ ತುಕ್ಕು ತೆಗೆಯುವ ದ್ರಾವಣ, ಜೇಬಿನಲ್ಲಿ ದುಡ್ಡು ತುಂಬಿಕೊಂಡ ಒಬ್ಬ ಅವಿವೇಕಿ. ಇಷ್ಟಿದ್ದರೆ ಸಾಕು. ಹಳೆಯ ಜಪಾನಿ ಕತ್ತಿಯೊಂದರ ಕತೆ ಮುಗಿಯಿತು.

ಕೇಳುವವರು ಯಾರು? ಯಾರೂ ಇಲ್ಲ. ಅಮೆರಿಕದಲ್ಲೋ ಯುರೋಪಿನಲ್ಲೋ ಅವನ ಮನೆ, ಅವನ ಕತ್ತಿ, ಅವನಿಷ್ಟ. ನಾಳೆ ಅದನ್ನೇ 'ಚೊಕ್ಕ ಮಾಡಿದ ಸಮುರಾಯ್ ಕತ್ತಿ' ಎಂದು ಮಾರಾಟಕ್ಕಿಡುತ್ತಾನೆ. ಹರಾಜಿನವರು ಕಮಿಷನ್ ಎಣಿಸಿಕೊಳ್ಳುತ್ತಾರೆ. ಇನ್ನೊಬ್ಬ ಕೊಂಡು ಗೋಡೆಗೆ ನೇತುಹಾಕುತ್ತಾನೆ. ಮೂವರಿಗೂ ಚೆನ್ನಾಗಿ ನಿದ್ದೆ ಬರುತ್ತದೆ.

ಹೋದದ್ದು ಏನು ಗೊತ್ತೇ? ಹಿಡಿಯಲ್ಲಿರುವ ಬಿದಿರಿನ ಸಣ್ಣ ಗೂಟ ತಳ್ಳಿ ನೋಡಿ. ಹಿಡಿ ಕಳಚಿಕೊಳ್ಳುತ್ತದೆ. ಒಳಗೆ ಕತ್ತಿಯ ಬಾಲ, ಜಪಾನಿಗಳ ಮಾತಿನಲ್ಲಿ ನಕಾಗೊ. ಅಲಗಿಗೆ ತಲೆಮಾರಿಗೊಮ್ಮೆ ಸಾಣೆ ಹಿಡಿದರೂ ಬಾಲಕ್ಕೆ ಸಾಣೆ ತಾಗಿಸುವುದಿಲ್ಲ. ಕಮ್ಮಾರ ಎಳೆದ ಅರದ ಗೆರೆಗಳು ಅಲ್ಲಿವೆ. ಓರೆಯಾಗಿ ಒಬ್ಬನದು, ಅಡ್ಡಡ್ಡ ಇನ್ನೊಬ್ಬನದು. ಉಳಿಯಿಂದ ಕೊರೆದ ಅವನ ಹೆಸರಿದೆ. ಕೆಲವು ಕತ್ತಿಗಳಲ್ಲಿ ಊರಿದೆ, ವರ್ಷವಿದೆ, ತಿಂಗಳೂ ಇದೆ. ಎಲ್ಲದರ ಮೇಲೆ ತುಕ್ಕು. ಹೊಸ ತುಕ್ಕು ಕೆಂಪು, ಪುಡಿಪುಡಿ. ಶತಮಾನಗಳ ತುಕ್ಕು ಕಪ್ಪು, ಗಟ್ಟಿ, ನುಣುಪು. ಪರಿಣತರು ಕತ್ತಿಯ ವಯಸ್ಸು ಅಳೆಯುವುದು ಆ ತುಕ್ಕು ನೋಡಿ. ಹೆಸರು ಸಾಚಾವೋ ಖೋಟಾವೋ ಎಂದು ಹೇಳುವುದು ಅಕ್ಷರದ ಗುಳಿಯೊಳಗಿನ ತುಕ್ಕು ನೋಡಿ.

ಆ ತುಕ್ಕನ್ನೇ ಉಜ್ಜುತ್ತಾರೆ. ಫಳಫಳ ಹೊಳೆಯುವ ತನಕ ಉಜ್ಜುತ್ತಾರೆ. ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡಿದ್ದಾರಲ್ಲ, ಅದೇ ಪಾಪ ಇದು. ವ್ಯತ್ಯಾಸವೆಂದರೆ ಬಟ್ಟೆ ಒಗೆದವರಿಗೆ ಅದು ಶಾಸನವೆಂದು ಯಾರೂ ಹೇಳಿರಲಿಲ್ಲ. ಇವರಿಗೆ ಗೊತ್ತು. ಸಂಗ್ರಾಹಕರಿಗಾಗಿ ಬರೆದ ಪ್ರತಿ ಕೈಪಿಡಿಯಲ್ಲೂ ಇದೆ: ಬಾಲ ಮುಟ್ಟಬೇಡಿ. ಓದಿಯೂ ಮುಟ್ಟಿದರೆ ಅದನ್ನು ಅಜ್ಞಾನ ಎನ್ನಲು ನಾನು ತಯಾರಿಲ್ಲ.

ಅಲಗಿನ ಗತಿ ಇನ್ನೂ ಹೀನ. ಬಹುಪಾಲು ಕತ್ತಿಗಳಿಗೆ ಮೇಲೆ ಗಟ್ಟಿ ಉಕ್ಕಿನ ಹೊದಿಕೆ, ಒಳಗೆ ಮೆತ್ತನೆಯ ತಿರುಳು. ಪ್ರತಿ ಸಾಣೆಗೂ ಹೊದಿಕೆ ಒಂದಿಷ್ಟು ಸವೆಯುತ್ತದೆ. ತಿರುಳು ಮೇಲೆ ಬಂದ ದಿನ ಕತ್ತಿ ಬಳಲಿತು ಎನ್ನುತ್ತಾರೆ. ಹೋದ ಉಕ್ಕು ಮತ್ತೆ ಬರುವುದಿಲ್ಲ. ಅದಕ್ಕೇ ಜಪಾನಿನ ಸಾಣೆಗಾರ ವರ್ಷಗಟ್ಟಲೆ ಗುರುವಿನ ಬಳಿ ಕೂತು ಕಲಿಯುತ್ತಾನೆ; ಒರಟು ಕಲ್ಲಿನಿಂದ ನುಣುಪು ಕಲ್ಲಿಗೆ ಒಂದೊಂದೇ ಹೆಜ್ಜೆ ಇಡುತ್ತಾನೆ; ಕೊನೆಗೆ ಹೆಬ್ಬೆರಳಿನಡಿ ಕಲ್ಲಿನ ತೆಳು ಚೂರು ಇಟ್ಟು ತಿಕ್ಕುತ್ತಾನೆ. ನಮ್ಮ ಶೋಕಿಲಾಲ ಏನು ಮಾಡುತ್ತಾನೆ? ಗ್ಯಾರೇಜಿನ ಗ್ರೈಂಡರಿಗೆ ಹಿಡಿಯುತ್ತಾನೆ. ಅಂಚು ಉರುಟಾಗುತ್ತದೆ. ತುದಿಯ ಆಕಾರ ಕೆಡುತ್ತದೆ. ಕಮ್ಮಾರ ಮಣ್ಣು ಸವರಿ, ಕಾಯಿಸಿ, ನೀರಿಗದ್ದಿ ಪಡೆದ ಬೆಳ್ಳನೆಯ ಅಲೆ, ಆ ಹಮೊನ್, ಮಸುಕಾಗುತ್ತದೆ. ಆಗ ಆಸಿಡ್ ಸವರಿ ಸುಳ್ಳು ಅಲೆ ಎಬ್ಬಿಸಿ ಮಾರುತ್ತಾನೆ. ಕಳ್ಳತನ ಎನ್ನಲು ಇನ್ನೇನು ಬೇಕು?

ಈ ಕೇಡು ಇವತ್ತು ಹುಟ್ಟಿದ್ದಲ್ಲ. 1945ರಲ್ಲಿ ಜಪಾನ್ ಸೋತಿತು. ಕತ್ತಿಗಳನ್ನೆಲ್ಲ ಒಪ್ಪಿಸಿ ಎಂದು ಆಜ್ಞೆಯಾಯಿತು. ಲಕ್ಷಗಟ್ಟಲೆ ಕತ್ತಿ ಠಾಣೆಗಳಿಗೆ ಬಂದು ಬಿದ್ದವು. ಒಂದಿಷ್ಟನ್ನು ಕರಗಿಸಿದರು. ಒಂದಿಷ್ಟನ್ನು ಸಮುದ್ರಕ್ಕೆ ಎಸೆದರು. ಮತ್ತೊಂದಿಷ್ಟು ಸೈನಿಕರ ಚೀಲ ಸೇರಿ ಹಡಗು ಹತ್ತಿದವು. ಹೊನ್ಮಾ ಜುಂಜಿ ಎಂಬ ವಿದ್ವಾಂಸ ಕರ್ನಲ್ ಕ್ಯಾಡ್ವೆಲ್ ಎಂಬ ಅಮೆರಿಕನ್ ಅಧಿಕಾರಿಗೆ ಇದು ಬರೀ ಆಯುಧವಲ್ಲ, ಕಲೆ ಎಂದು ಮನಗಾಣಿಸಿದ್ದರಿಂದ ಟೋಕಿಯೊದ ಅಕಬಾನೆ ಗೋದಾಮಿನಿಂದ ಐದು ಸಾವಿರಕ್ಕೂ ಹೆಚ್ಚು ಕತ್ತಿ ಬದುಕಿದವು. ಉಳಿದವು?

ಹೊಂಜೊ ಮಾಸಾಮುನೆ ಎಂಬ ಕತ್ತಿಯನ್ನೇ ಕೇಳಿ. ತೊಕುಗಾವ ಮನೆತನದಲ್ಲಿ ತಲೆಮಾರುಗಳಿಂದ ಬಂದದ್ದು. 1939ರಲ್ಲಿ ರಾಷ್ಟ್ರನಿಧಿ ಎಂದು ಘೋಷಣೆಯಾದದ್ದು. 1945ರ ಡಿಸೆಂಬರಿನಲ್ಲಿ ಮನೆಯವರೇ ಮೆಜಿರೊ ಠಾಣೆಗೆ ಒಪ್ಪಿಸಿದರು. ಮರುತಿಂಗಳು ಠಾಣೆಯವರು ಒಬ್ಬ ಅಮೆರಿಕನ್ ಸಾರ್ಜೆಂಟನ ಕೈಗೆ ಕೊಟ್ಟರು. ದಾಖಲೆಯಲ್ಲಿ ಅವನ ಹೆಸರೂ ನೆಟ್ಟಗಿಲ್ಲ. ಕತ್ತಿ ಇವತ್ತಿನವರೆಗೂ ಪತ್ತೆಯಿಲ್ಲ. ಯಾರದೋ ಅಟ್ಟದ ಮೇಲೆ ಇದೆಯೋ? ಯಾರೋ ಗಿಡ ಸವರಿ ಮುರಿದರೋ?

ಗಿಡ ಸವರಿದರೋ ಎಂದದ್ದು ಸಿಟ್ಟಿನ ಉತ್ಪ್ರೇಕ್ಷೆಯಲ್ಲ. ಯುದ್ಧಕಾಲದ ಎಷ್ಟೋ ಜಪಾನಿ ಅಧಿಕಾರಿಗಳು ಮನೆತನದ ಹಳೆಯ ಅಲಗಿಗೆ ಸೇನೆಯ ಹಿತ್ತಾಳೆ ಸಾಮಾನು ತೊಡಿಸಿಕೊಂಡು ರಣರಂಗಕ್ಕೆ ಹೋಗಿದ್ದರು. ಹೊರಗೆ ಹಿತ್ತಾಳೆ, ಒಳಗೆ ನಾಲ್ಕುನೂರು ವರ್ಷದ ಉಕ್ಕು. ಹೊರಗಿನದನ್ನಷ್ಟೇ ನೋಡಿದವರಿಗೆ ಅದು ಕಾರ್ಖಾನೆ ಮಾಲು. ಕಟ್ಟಿಗೆ ಸೀಳಲು ಆದೀತು, ಪೊದೆ ಕಡಿಯಲು ಆದೀತು!

ವ್ಯಾಪಾರಿಗಳ ವಿಷಯಕ್ಕೆ ಬರೋಣ. ಮಾಜಿ ಸೈನಿಕ ಸಾಯುತ್ತಾನೆ. ಹೆಂಡತಿಗೋ ಮೊಮ್ಮಕ್ಕಳಿಗೋ ಕತ್ತಿಯ ಬೆಲೆ ತಿಳಿಯದು. ಬಲ್ಲವನು ಬಂದು ಮೂರು ಕಾಸಿಗೆ ಎತ್ತಿಕೊಂಡು ಹೋಗುತ್ತಾನೆ. ಹೋದವನು ಇಡಿಯಾಗಿ ಇಟ್ಟುಕೊಳ್ಳುತ್ತಾನೆಯೇ? ಇಲ್ಲ. ಕೈಗಾವಲಿನ ಬಿಲ್ಲೆ ಒಬ್ಬನಿಗೆ, ಹಿಡಿಯ ಪುಟ್ಟ ಲೋಹದ ಬೊಂಬೆಗಳು ಇನ್ನೊಬ್ಬನಿಗೆ, ಅಲಗು ಮತ್ತೊಬ್ಬನಿಗೆ. ಬಿಡಿಬಿಡಿಯಾಗಿ ಮಾರಿದರೆ ಲಾಭ ಜಾಸ್ತಿ. ನೂರಾರು ವರ್ಷ ಜೊತೆಗಿದ್ದ ಮೈಯನ್ನು ಒಂದು ಮಧ್ಯಾಹ್ನದಲ್ಲಿ ಹರಿದು ಹಂಚುತ್ತಾನೆ. ಹೆಸರಿಲ್ಲದ ಅಲಗಿಗೆ ದೊಡ್ಡ ಕಮ್ಮಾರನ ಹೆಸರು ಕೊರೆಸುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ.

ಕಾನೂನು ಯಾರ ಕೈ ಕಟ್ಟಿದೆ ನೋಡಿ. ಜಪಾನಿನಲ್ಲಿ ಕತ್ತಿ ಮಾಡಬೇಕೆಂದವನು ಪರವಾನಗಿ ಪಡೆದ ಕಮ್ಮಾರನ ಕೈಕೆಳಗೆ ಐದು ವರ್ಷ ದುಡಿಯಬೇಕು. ಸ್ವಂತ ಪರವಾನಗಿ ಸಿಕ್ಕ ಮೇಲೂ ತಿಂಗಳಿಗೆ ಎರಡೇ ಉದ್ದ ಕತ್ತಿ, ಇಲ್ಲವೇ ಮೂರು ಗಿಡ್ಡ ಕತ್ತಿ. ಪ್ರತಿ ಕತ್ತಿಗೂ ನೋಂದಣಿ ಪತ್ರ. ಕತ್ತಿ ದೇಶ ಬಿಡುವಾಗ ಸಂಸ್ಕೃತಿ ಇಲಾಖೆಯ ಒಪ್ಪಿಗೆ ಬೇಕು, ನೋಂದಣಿ ಪತ್ರ ವಾಪಸು ಕೊಡಬೇಕು. ಸರಿ. ಆಮೇಲೆ? ಗಡಿ ದಾಟಿದ ಮೇಲೆ ಆ ಕತ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕಟ್ಟುವವನಿಗೆ ನೂರು ಕಟ್ಟಳೆ, ಕೆಡಿಸುವವನಿಗೆ ಒಂದೂ ಇಲ್ಲ. ಇದು ಯಾವ ಸೀಮೆಯ ನ್ಯಾಯ?

ಕೊಂಡವನು ಹೀಗೇ ಇರುತ್ತಾನೆ, ಏನು ಮಾಡಲಾದೀತು ಎನ್ನಬೇಡಿ. ವಾಲ್ಟರ್ ಕಾಂಪ್ಟನ್ ಕೂಡ ಖಾಸಗಿ ಸಂಗ್ರಾಹಕನೇ. ಅಟ್ಲಾಂಟಾದ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡ ಕತ್ತಿ ಕಾಗೊಶಿಮಾದ ತೆರುಕುನಿ ದೇಗುಲದಿಂದ ಕಾಣೆಯಾದ ಕುನಿಮುನೆ ಎಂದು ತಿಳಿಯಿತು. ಯುದ್ಧದ ನಂತರ ಕಳೆದುಹೋದ ರಾಷ್ಟ್ರನಿಧಿ. ಆತ ಬೆಲೆ ಕೇಳಲಿಲ್ಲ. 1963ರಲ್ಲಿ ಮರಳಿಸಿದ. ಒಕಯಾಮ ಪ್ರಾಂತ್ಯದ ಸೆತೊಉಚಿ ಎಂಬ ಚಿಕ್ಕ ಊರು ತನ್ನ ಸೀಮೆಯ ಕಮ್ಮಾರರು ಬಡಿದ 'ಸಾಂಚೊಮೊ' ಎಂಬ ಕತ್ತಿಯನ್ನು 2020ರಲ್ಲಿ 50 ಕೋಟಿ ಯೆನ್ ತೆತ್ತು ತಂದಿತು. ದೇಶದ ನಾನಾ ಕಡೆಯ ಜನ ದೇಣಿಗೆ ಕೊಟ್ಟರು. ಮನಸ್ಸಿದ್ದವರಿಗೆ ಆಗುತ್ತದೆ.

ಆ ಒಕಯಾಮದಲ್ಲಿ ನಮ್ಮವರೂ ಇದ್ದರು. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋದ ಕಾಮನ್‌ವೆಲ್ತ್ ಪಡೆಯ ಬ್ರಿಟಿಷ್-ಭಾರತೀಯ ವಿಭಾಗಕ್ಕೆ ಆ ಸೀಮೆ ಬಂದಿತ್ತು. ಅದರ 268ನೇ ಬ್ರಿಗೇಡಿನ ನಾಯಕ ಕೊಡಗಿನ ಕೆ.ಎಸ್. ತಿಮ್ಮಯ್ಯ. ಬರ್ಮಾ, ಮಲಯಗಳಲ್ಲಿ ಶರಣಾದ ಜಪಾನಿ ಅಧಿಕಾರಿಗಳ ಕತ್ತಿಗಳು ಭಾರತೀಯ ರೆಜಿಮೆಂಟುಗಳ ಕೈಗೂ ಬಂದವು. ಆದ್ದರಿಂದ ಇದು ಯಾರದೋ ಮನೆ ಜಗಳ ಎಂದು ಕೂರುವ ಹಕ್ಕು ನಮಗಿಲ್ಲ. ಸೈನಿಕ ಮನೆತನದವರೇ, ನಿಮ್ಮ ಗೋಡೆಯ ಮೇಲೆ ಅಂಥದೊಂದಿದ್ದರೆ ಹಿತ್ತಾಳೆ ಪಾಲಿಶ್ ಡಬ್ಬಿಯನ್ನು ದೂರ ಇಡಿ. ಅಲಗಿಗೆ ಬೆರಳು ತಾಗಿಸಬೇಡಿ; ಬೆವರು ಉಕ್ಕನ್ನು ತಿನ್ನುತ್ತದೆ. ಬಾಲವನ್ನಂತೂ ಹಾಗೇ ಬಿಡಿ. ಬಲ್ಲವರಿಗೆ ತೋರಿಸುವ ತನಕ ಯಾವ ವ್ಯಾಪಾರಿಗೂ ಕೊಡಬೇಡಿ.

ಹರಾಜು ಕಟ್ಟೆಯವರೇ, ನಿಮಗೆ ಕಿವಿ ಇದೆ ಎಂದು ನಂಬಿ ಬರೆಯುತ್ತಿಲ್ಲ. ನಿಮ್ಮ ಗಿರಾಕಿಗಳಿಗೆ ಕಣ್ಣಿದೆ ಎಂದು ಬರೆಯುತ್ತಿದ್ದೇನೆ. ಮಾರಾಟಕ್ಕಿಡುವ ಪ್ರತಿ ಕತ್ತಿಯ ಬಾಲದ ಎರಡೂ ಮಗ್ಗುಲಿನ ಫೋಟೊ ಹಾಕಿ. ಉಜ್ಜಿದ್ದರೆ ಉಜ್ಜಿ ಕೆಡಿಸಿದ್ದಾರೆ ಎಂದೇ ಬರೆಯಿರಿ. 'ಚೊಕ್ಕ' ಎಂಬ ಸುಳ್ಳು ಬಿಡಿ. ಬಿಡಿಸಿ ತಂದ ಬಿಲ್ಲೆಗೆ ಅದರ ಅಲಗು ಎಲ್ಲಿ ಎಂದು ಕೇಳಿ. 1945ರಲ್ಲಿ ಯಾವ ಠಾಣೆಯಿಂದ, ಯಾವ ಮನೆಯಿಂದ ಬಂತು ಎಂದು ಕೇಳಿ. ಉತ್ತರ ಕೊಡದವನ ಕತ್ತಿಯನ್ನು ಕಟ್ಟೆಗೆ ಹತ್ತಿಸಬೇಡಿ. ಕೊಳ್ಳುವವರೇ, ಇಷ್ಟನ್ನೂ ಅವರು ಮಾಡುವ ತನಕ ಕೈ ಎತ್ತಬೇಡಿ, ಒಂದು ಬಿಡ್ಡೂ ಕೂಗಬೇಡಿ.