ಆ ಫಾರ್ಮ್‌ನಲ್ಲಿ ಧರ್ಮದ ಕಾಲಮ್ಮೇ ಇರಲಿಲ್ಲ

ಪೌರತ್ವ ಒಂದು ಸಲ ಕೈಗೆ ಬಂದರೆ ಮುಗೀತು, ಆಮೇಲೆ ಅದು ನಮ್ಮದೇ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಕೆನಡಾಗೋ ಆಸ್ಟ್ರೇಲಿಯಾಗೋ ಹೋದ ಗೆಳೆಯರು ಹೊಸ ಪಾಸ್‌ಪೋರ್ಟ್ ಹಿಡ್ಕೊಂಡು ಫೋಟೋ ಹಾಕ್ತಾರೆ, ನಾವು ಲೈಕ್ ಒತ್ತಿ ಮುಂದೆ ಹೋಗ್ತೀವಿ. ಅದನ್ನ ಯಾರಾದ್ರೂ ವಾಪಸ್ ಕೇಳಬಹುದು ಅಂತ ಯಾರ ತಲೆಗೂ ಬರಲ್ಲ.

ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸ್‌ಗೆ ಬಂದು ನೆಲೆಸಿದವರಿಗೂ ಬಂದಿರಲಿಕ್ಕಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಹದಿಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳಕೊಂಡಿತ್ತು. ಜನ ಬೇಕಿತ್ತು. ಹಾಗಾಗಿ 1927ರ ಆಗಸ್ಟ್‌ನಲ್ಲಿ ಹೊಸ ಕಾನೂನು ತಂದು, ಪೌರತ್ವಕ್ಕೆ ಅರ್ಜಿ ಹಾಕೋಕೆ ಬೇಕಿದ್ದ ವಾಸದ ಅವಧಿಯನ್ನು ಹತ್ತು ವರ್ಷದಿಂದ ಮೂರಕ್ಕೆ ಇಳಿಸಿದರು. ಇಟಲಿಯವರು, ಸ್ಪೇನಿನವರು, ಪೋಲೆಂಡ್ ಮತ್ತು ರೊಮೇನಿಯಾದಿಂದ ಬಂದ ಯಹೂದಿಗಳು ಎಲ್ಲರೂ ಅರ್ಜಿ ಹಾಕಿದರು. ಟೈಲರ್‌ಗಳು, ತುಪ್ಪಳದ ಕೋಟು ಹೊಲಿಯೋರು, ಸಣ್ಣ ವ್ಯಾಪಾರಿಗಳು. ಹೆಸರು, ಹುಟ್ಟಿದ ಊರು, ಅಪ್ಪ ಅಮ್ಮನ ಹೆಸರು, ಕೆಲಸ, ವಿಳಾಸ, ಮಕ್ಕಳು, ಎಲ್ಲವನ್ನೂ ತಾವೇ ಬರೆದು ಕೊಟ್ಟರು. ಸರ್ಕಾರ ಫೈಲ್ ಮಾಡಿ ಇಟ್ಟುಕೊಂಡಿತು.

1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಜುಲೈ 10ಕ್ಕೆ ಮಾರ್ಷಲ್ ಪೆತಾಂ ಕೈಗೆ ಪೂರ್ತಿ ಅಧಿಕಾರ ಬಂತು. ಹನ್ನೆರಡೇ ದಿನಕ್ಕೆ, ಜುಲೈ 22ರಂದು, ವಿಶಿ ಪಟ್ಟಣದಲ್ಲಿ ಕೂತ ಆ ಸರ್ಕಾರ ಒಂದು ಕಾನೂನು ಹೊರಡಿಸಿತು: 1927ರಿಂದೀಚೆಗೆ ಪೌರತ್ವ ಪಡೆದ ಪ್ರತಿಯೊಬ್ಬರ ಫೈಲನ್ನೂ ಮತ್ತೆ ತೆಗೆದು ನೋಡಲಾಗುವುದು. ಬೇಡ ಅನ್ನಿಸಿದರೆ ಪೌರತ್ವ ವಾಪಸ್. ಅದನ್ನು ಹೆಂಡತಿ ಮಕ್ಕಳಿಗೂ ವಿಸ್ತರಿಸಬಹುದು. ಜರ್ಮನ್ನರು ಇದನ್ನ ಕೇಳಿರಲಿಲ್ಲ, ಇವರೇ ಮಾಡಿದ್ದು.

ಆ ಕಾನೂನಿನಲ್ಲಿ ‘ಯಹೂದಿ’ ಅನ್ನೋ ಪದ ಎಲ್ಲೂ ಇಲ್ಲ. ಯಾವ ತಪ್ಪಿಗೆ ಪೌರತ್ವ ಹೋಗುತ್ತೆ ಅಂತಲೂ ಇಲ್ಲ. ಎಲ್ಲಾ ಆಯೋಗದ ವಿವೇಚನೆಗೆ ಬಿಟ್ಟಿದ್ದು.

ದಿನಾ ಡೇಟಾಬೇಸ್ ಜೊತೆ ಗುದ್ದಾಡೋ ನನಗೆ ಇಲ್ಲಿಂದ ಮುಂದಿನ ಭಾಗ ಓದೋಕೆ ಕಷ್ಟ ಆಯ್ತು. ಫ್ರೆಂಚ್ ಗಣರಾಜ್ಯ ಪ್ರಜೆಗಳ ಧರ್ಮ ಕೇಳ್ತಿರಲಿಲ್ಲ, ಅದು ಅವರ ಹೆಮ್ಮೆ. ಹಾಗಾಗಿ ಫೈಲ್‌ನಲ್ಲಿ ಧರ್ಮದ ಕಾಲಮ್ ಇಲ್ಲ. ಹಾಗಾದ್ರೆ ಯಹೂದಿಗಳನ್ನ ಹುಡುಕೋದು ಹೇಗೆ? ಪಕ್ಕದ ಕಾಲಮ್‌ಗಳಿಂದ. ಮನೆತನದ ಹೆಸರಿನ ಸದ್ದು ಹೇಗಿದೆ, ಮಕ್ಕಳಿಗೆ ಏನಂತ ಹೆಸರಿಟ್ಟಿದ್ದಾರೆ, ಹುಟ್ಟಿದ್ದು ವಾರ್ಸಾದಲ್ಲೋ ಇನ್ನೆಲ್ಲೋ, ಹೊಲಿಗೆ ಕೆಲಸವೋ ತುಪ್ಪಳದ ವ್ಯಾಪಾರವೋ. ಇಷ್ಟು ಸಾಕಾಯ್ತು. ಇದನ್ನು ಮಾಡಿದವರು ಬೂಟು ಹಾಕಿದ ಸೈನಿಕರಲ್ಲ, ನ್ಯಾಯಾಧೀಶರು ಮತ್ತು ಗುಮಾಸ್ತರು. ಇತಿಹಾಸಕಾರ್ತಿ ಕ್ಲೇರ್ ಝಾಲ್ಕ್ ಆ ಫೈಲ್‌ಗಳನ್ನೇ ಕೂತು ಓದಿ 2016ರಲ್ಲಿ ಪುಸ್ತಕ ಬರೆದರು. ಅವತ್ತಿನ ಷರಾಗಳು ಇವತ್ತಿಗೂ ಹಾಗೇ ಇವೆ. ‘ಯಹೂದಿ, ರಾಷ್ಟ್ರಕ್ಕೆ ಪ್ರಯೋಜನವಿಲ್ಲ’ ಎಂಬರ್ಥದ ಒಂದು ಸಾಲು, ಒಂದು ಸಹಿ, ಆಮೇಲೆ ಗೆಜೆಟ್‌ನಲ್ಲಿ ಹೆಸರು. ಫ್ರೆಂಚ್ ಪ್ರಜೆ ಅಂತಲೇ 1939ರಲ್ಲಿ ಸೇನೆಗೆ ಕರೆಸಿಕೊಂಡವರ ಫೈಲ್‌ಗಳೂ ಆ ಮೇಜಿನ ಮೇಲೆ ಬಂದವು.

ಒಟ್ಟು ಸುಮಾರು 15,000 ಜನರ ಪೌರತ್ವ ಹೋಯಿತು. ಅದರಲ್ಲಿ ಸುಮಾರು 6,000 ಯಹೂದಿಗಳು. ದೇಶದ ಜನಸಂಖ್ಯೆಯಲ್ಲಿ ಯಹೂದಿಗಳು ನೂರಕ್ಕೆ ಒಬ್ಬರೂ ಇರಲಿಲ್ಲ ಅನ್ನೋದನ್ನ ಇದರ ಪಕ್ಕ ಇಟ್ಟು ನೋಡಿ.

(ಆಲ್ಜೀರಿಯಾದ ಕಥೆ ಬೇರೆ. ಅಲ್ಲಿನ ಯಹೂದಿಗಳಿಗೆ 1870ರಲ್ಲೇ ಪೌರತ್ವ ಸಿಕ್ಕಿತ್ತು. ಅವರ ಫೈಲ್ ನೋಡೋ ಕಷ್ಟವನ್ನೂ ತಗೊಳ್ಳಲಿಲ್ಲ. 1940ರ ಅಕ್ಟೋಬರ್ 7ರಂದು ಒಂದೇ ಆದೇಶ, ಒಂದು ಲಕ್ಷಕ್ಕೂ ಹೆಚ್ಚು ಜನರ ಪೌರತ್ವ ರದ್ದು. ಮುಂದೆ ತತ್ವಜ್ಞಾನಿಯಾಗಿ ಹೆಸರು ಮಾಡಿದ ಜಾಕ್ ದೆರಿದಾ ಅವರಲ್ಲೊಬ್ಬ, ಆಗಿನ್ನೂ ಹತ್ತು ವರ್ಷದ ಹುಡುಗ.)

6,000 ಅಂದ್ರೆ ಕಮ್ಮಿ ಅಲ್ವಾ ಅಂತ ಕೇಳಬಹುದು. ಆ ಕಾಗದಕ್ಕೆ ಎಷ್ಟು ಬೆಲೆ ಇತ್ತು ಅಂತ 1942ರಲ್ಲಿ ಗೊತ್ತಾಯ್ತು. ಜುಲೈ 16, 17ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ಪೊಲೀಸರೇ ಮನೆಮನೆಗೆ ಹೋಗಿ 13,000ಕ್ಕೂ ಹೆಚ್ಚು ಯಹೂದಿಗಳನ್ನು ಹಿಡಿದರು. ಪಟ್ಟಿಯಲ್ಲಿದ್ದವರು ವಿದೇಶಿ ಯಹೂದಿಗಳು ಮತ್ತು ಯಾವ ದೇಶಕ್ಕೂ ಸೇರದವರು. 4,000ಕ್ಕೂ ಹೆಚ್ಚು ಮಕ್ಕಳಿದ್ದರು. ಫ್ರೆಂಚ್ ಪೌರತ್ವ ಇದ್ದವರನ್ನು ಸದ್ಯಕ್ಕೆ ಮುಟ್ಟಬಾರದು ಅಂತ ವಿಶಿ ಮತ್ತು ಜರ್ಮನ್ನರ ನಡುವೆ ಮಾತಾಗಿತ್ತು. ಅಂದರೆ, ಎರಡು ವರ್ಷದ ಹಿಂದೆ ಯಾವನೋ ಗುಮಾಸ್ತ ಹಾಕಿದ ಒಂದು ಷರಾ ಈಗ ದ್ರಾಂಸಿ ಶಿಬಿರದ ದಾರಿ ತೋರಿಸ್ತಿತ್ತು. ಅಲ್ಲಿಂದ ರೈಲು ಆಶ್ವಿಟ್ಜ್‌ಗೆ.

ಜರ್ಮನ್ನರಿಗೆ ಇಷ್ಟೂ ಸಾಕಾಗಲಿಲ್ಲ. 1927ರ ನಂತರದ ಯಹೂದಿಗಳ ಪೌರತ್ವವನ್ನೆಲ್ಲ ಒಂದೇ ಏಟಿಗೆ ತೆಗೀರಿ ಅಂತ 1943ರಲ್ಲಿ ಪಟ್ಟು ಹಿಡಿದರು. ಪ್ರಧಾನಿ ಲಾವಾಲ್ ಸಹಿಯನ್ನೂ ಹಾಕಿದ್ದ. ಅಷ್ಟರಲ್ಲಿ ಇಟಲಿಯಲ್ಲಿ ಮುಸೊಲಿನಿ ಉರುಳಿದ, ಯುದ್ಧದ ಗಾಳಿ ತಿರುಗಿತು. ಆಗಸ್ಟ್‌ನಲ್ಲಿ ಲಾವಾಲ್ ಹಿಂದೆ ಸರಿದ. ಪೆತಾಂ ಕೂಡ ಸಾರಾಸಗಟಾಗಿ ತೆಗೆಯೋಕಾಗಲ್ಲ, ಒಬ್ಬೊಬ್ಬರದೇ ನೋಡಬೇಕು ಅಂದ. ಕೆಲವರು ಇದನ್ನ ದಯೆ ಅಂತಾರೆ. ನನಗಂತೂ ಹಾಗನ್ನಿಸಲ್ಲ. ಒಬ್ಬೊಬ್ಬರದೇ ನೋಡೋ ಆಯೋಗ ಮೂರು ವರ್ಷದಿಂದ ಕೆಲಸ ಮಾಡ್ತಾನೇ ಇತ್ತಲ್ಲ.

1944ರ ಮೇ ತಿಂಗಳಲ್ಲಿ, ಆಲ್ಜಿಯರ್ಸ್‌ನಲ್ಲಿದ್ದ ದ ಗಾಲ್ ನೇತೃತ್ವದ ಆಡಳಿತ ಆ ಕಾನೂನನ್ನು ರದ್ದು ಮಾಡಿತು. ಹೆಸರು ಕಳಕೊಂಡವರೆಲ್ಲ ಕಾಗದದ ಮೇಲೆ ಮತ್ತೆ ಫ್ರೆಂಚರಾದರು, ಆಗಲೇ ರೈಲು ಹತ್ತಿಸಿದ್ದವರೂ ಸೇರಿ.

ಮಾರನೇ ವರ್ಷ ಪ್ಯಾರಿಸ್‌ನಲ್ಲಿ ಪೆತಾಂನ ದೇಶದ್ರೋಹದ ವಿಚಾರಣೆ ನಡೆಯಿತು. ಸರ್ಕಾರದ ಪರ ವಾದ ಮಾಡಿ ಮರಣದಂಡನೆ ಕೇಳಿದವರು ಆಂದ್ರೆ ಮೊರ್ನೆ ಅನ್ನೋ ಹಿರಿಯ ನ್ಯಾಯಾಧಿಕಾರಿ. ಪೌರತ್ವದ ಫೈಲ್‌ಗಳನ್ನ ತೆಗೆದು ನೋಡಿದ ಆ ಆಯೋಗದಲ್ಲಿ ಅವರೂ ಒಬ್ಬ ಸದಸ್ಯರಾಗಿದ್ದರು.